ವಹಿಯ ಹಿಂದಿನ ಹಾಳೆಗಳು

ಅಜ್ಜನ ಅಂಗಡಿಯ ವಹಿಗೆ ಎರಡು ಮುಖ. ಮುಂದಿನಿಂದ ತೆರೆದರೆ ಉದ್ರಿ ಲೆಕ್ಕ: ಯಾರು ಎಷ್ಟು ಬೆಲ್ಲ ಒಯ್ದರು, ಯಾರದು ಚಿಮಣಿ ಎಣ್ಣೆಯ ಬಾಕಿ ಉಳಿಯಿತು, ಯಾರು ಮೆಣಸಿನಕಾಯಿ ಮಾರಿದ ಮೇಲೆ ಮುಟ್ಟಿಸುತ್ತೇನೆಂದು ಹೆಬ್ಬೆಟ್ಟು ಒತ್ತಿದರು. ಅದೇ ವಹಿಯನ್ನು ಮಗುಚಿ ಹಿಂದಿನಿಂದ ತೆರೆದರೆ ಪದ. ಭಜನೆಯ ಪದ, ಅಲಾವಿಯ ಪದ, ಜಾತ್ರೆಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ಬರೆದುಕೊಂಡ ಪದ, ನಡುನಡುವೆ ಅಜ್ಜ ತಾನೇ ಕಟ್ಟಿದ ಪದ. ಲೆಕ್ಕ ಆ ಕಡೆಯಿಂದ, ಪದ ಈ ಕಡೆಯಿಂದ ನಡೆದು ಬಂದು ಯಾವುದೋ ಒಂದು ಹಾಳೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದವು. ಎರಡೂ ಕೂಡಿದವೆಂದರೆ ಆ ವಹಿ ಮುಗಿಯಿತು. ದೀಪಾವಳಿಯ ಅಂಗಡಿ ಪೂಜೆಗೆ ಹೊಸ ವಹಿ ಬಂದಾಗ ಎಲ್ಲ ಅಂಗಡಿಕಾರರು ಮುಂದಿನ ಹಾಳೆಗೆ ಕುಂಕುಮ ಹಚ್ಚಿದರೆ, ಅಜ್ಜ ಹಿಂದಿನ ಹಾಳೆಗೂ ಒಂದು ಬೊಟ್ಟು ಇಡುತ್ತಿದ್ದ.

ಪುಸ್ತಕಕ್ಕೆ ಪೂಜೆ ಮಾಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಶಿಗ್ಗಾವಿ ತಾಲೂಕಿನದೇ ಬಂಕಾಪುರದಲ್ಲಿ, ಲೋಕಾದಿತ್ಯ ಆಳುತ್ತಿದ್ದ ಕಾಲಕ್ಕೆ, ಕ್ರಿ.ಶ. 898ರಲ್ಲಿ, ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ಸಂದಿತೆಂದು ಆ ಪುರಾಣದ ಕೊನೆಯ ಪದ್ಯಗಳೇ ಹೇಳುತ್ತವೆ. ಬಂಕಾಪುರದ ಕೋಟೆಯಲ್ಲಿ ಈಗ ನವಿಲುಗಳಿವೆ. ಅಜ್ಜನಿಗೆ ಗುಣಭದ್ರರ ಹೆಸರೂ ಗೊತ್ತಿರಲಿಲ್ಲ, ಪಾಪ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಬರೆದದ್ದು ಲೆಕ್ಕವಿರಲಿ, ಪದವಿರಲಿ, ಕೈತೊಳೆದು ಮುಟ್ಟಬೇಕು.

ಸೋಮವಾರ ರಾತ್ರಿ ಉಂಡ ಮೇಲೆ ಅಂಗಡಿಯ ಮುಂದಿನ ಕಟ್ಟೆಗೆ ಭಜನೆಯ ಮೇಳ ಸೇರುತ್ತಿತ್ತು. ಒಂದು ಏಕತಾರಿ, ಒಂದು ದಮ್ಮಡಿ, ಎರಡು ಜೋಡಿ ತಾಳ, ಗಾಳಿ ಸೋರುವ ಒಂದು ಹಳೇ ಪೇಟಿ. ಅಜ್ಜನ ಹೊಸ ಪದವೇನಾದರೂ ಇದ್ದರೆ ಅದು ಮೊದಲು ವಹಿಗೆ ಹೋಗುತ್ತಿರಲಿಲ್ಲ. ಬೆಲ್ಲ ಕಟ್ಟಿಬಂದ ಕಾಗದದ ಮೇಲೆ ಸೀಸದ ಕಡ್ಡಿಯಲ್ಲಿ ಬರೆದುಕೊಂಡು ಬಂದು ಹೇಳುತ್ತಿದ್ದ. ಒಂದು ಸೋಮವಾರ ಹೇಳಿದರೆ ಸಾಲದು; ಎರಡು, ಮೂರು ಸೋಮವಾರ. ಹತ್ತು ಜನರ ಬಾಯಲ್ಲಿ ಅದು ತಾನಾಗಿ ಹೊರಳಬೇಕು. ಎಲ್ಲಿ ಬಾಯಿ ತಡವರಿಸಿತೋ ಅಲ್ಲಿ ಶಬ್ದ ಬದಲು. ಹೀಗೆ ಪಾಸಾದ ಪದಕ್ಕೆ ಮಾತ್ರ ಶಾಯಿ.

ಪಾಸು ಮಾಡುವ ಸಾಹೇಬನೆಂದರೆ ದಮ್ಮಡಿ ಬಾರಿಸುವ ಕಂಬಾರ ಮುದುಕ. ಅವನ ಹೆಸರಿನ ಮುಂದೆ ವಹಿಯಲ್ಲಿ ಇದ್ದದ್ದು ಹೆಬ್ಬೆಟ್ಟು. ಕಣ್ಣು ಮುಚ್ಚಿ ಕೇಳುತ್ತ ಕೂತವನು ಇದ್ದಕ್ಕಿದ್ದಂತೆ ದಮ್ಮಡಿಯ ಮೇಲೆ ಕೈಯಿಟ್ಟು ನಿಲ್ಲಿಸಿಬಿಡುತ್ತಿದ್ದ.

“ಸಾವ್ಕಾರ್ರ, ಇಲ್ಲಿ ಕಾಲು ಎಡವತೈತ್ರಿ.”

ಒಮ್ಮೆ ಅಜ್ಜ ತನ್ನ ಪದದಲ್ಲಿ ಸಂಸಾರವನ್ನು ಸಾಗರ ಮಾಡಿದ್ದ. ಎಲ್ಲರೂ ಮಾಡುವುದೇ. ಕಂಬಾರಜ್ಜ ದಮ್ಮಡಿ ನಿಲ್ಲಿಸಿದ.

“ಸಾಗರ ಅಂತೀರಿ. ನಮ್ಮೂರಾಗ ಸಾಗರ ಯಾರ್ ಕಂಡಾರ್ರಿ?”

“ಮತ್ತೇನ್ ಅನ್ಲಿ? ಕೆರಿ ಅನ್ಲೇನು?”

“ಕೆರಿ ಬ್ಯಾಸಿಗ್ಯಾಗ ಬತ್ತತೈತಲ್ರಿ. ಸಂಸಾರ ಎಲ್ಲಿ ಬತ್ತತೈತಿ?”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಜ್ಜನೂ ನಕ್ಕ, ಆದರೆ ಆ ರಾತ್ರಿ ನಿದ್ದೆ ಮಾಡಲಿಲ್ಲ. ವಾರಗಟ್ಟಲೆ ಅಂಗಡಿಯಲ್ಲಿ ಸಕ್ಕರೆ ತೂಗುತ್ತ, ತಕ್ಕಡಿ ಹಿಡಿದ ಕೈ ಹಾಗೇ ನಿಂತು, ತುಟಿ ಅಲುಗುತ್ತಿದ್ದದ್ದು ನನಗೆ ನೆನಪಿದೆ. ಕೊನೆಗೆ ಯಾವುದೋ ಶಬ್ದ ಸಿಕ್ಕಿತು. ಕಂಬಾರಜ್ಜ ತಲೆದೂಗಿದನಂತೆ. ಆ ಸೋಮವಾರ ನಾನು ಅವ್ವನ ಪಕ್ಕದಲ್ಲಿ ಕೌದಿ ಹೊದ್ದು ಮಲಗಿಬಿಟ್ಟಿದ್ದೆ.

ಶಿಶುವಿನಹಾಳ ನಮ್ಮೂರಿಗೆ ಬಂಡಿಯ ದಾರಿ. ಶರೀಫರ ಗದ್ದಿಗೆಗೆ ಹೋಗುವುದು ನಮಗೆ ನೆಂಟರ ಮನೆಗೆ ಹೋದ ಹಾಗೆ. 1819ರಲ್ಲಿ ಹುಟ್ಟಿ, ಕೆಲವು ಕಾಲ ಸಾಲಿ ಮಾಸ್ತರಿಕೆ ಮಾಡಿ, ಕಳಸದ ಗೋವಿಂದಭಟ್ಟರ ಕೈಯಲ್ಲಿ ಪಳಗಿ, 1889ರಲ್ಲಿ ತೀರಿಕೊಂಡ ಆ ಮನುಷ್ಯನ ಪದಗಳು ಅಚ್ಚಿನ ಪುಸ್ತಕ ನೆಚ್ಚಿ ಉಳಿದವಲ್ಲ. ನಮ್ಮಜ್ಜನಂಥವರ ವಹಿಗಳಲ್ಲಿ, ಕಂಬಾರಜ್ಜನಂಥವರ ಕಿವಿಯಲ್ಲಿ ಉಳಿದವು. ಸೋರುವ ಮಾಳಿಗೆ, ಕೋಳಿ, ತಂಬೂರಿ, ಕೈಗೆ ಸಿಕ್ಕಿದ್ದೆಲ್ಲ ಅವರಿಗೆ ಪದವೇ. ಹುಬ್ಬಳ್ಳಿಗೆ ಹತ್ತಿಯ ಗಿರಣಿ ಬಂದಾಗ ಅವರು ಹೆದರಿ ಮುಖ ತಿರುಗಿಸಲಿಲ್ಲ. ಹೋಗಿ ನೋಡಿದರು, ಅದರ ಮೇಲೂ ಪದ ಕಟ್ಟಿದರು. ಹೊಸದನ್ನು ಕಂಡರೆ ಗೊಣಗುವ ನನ್ನ ಚಾಳಿಗೆ ಈ ಗಿರಣಿಯ ಪದ ಯಾವಾಗಲೂ ಅಡ್ಡ ಬರುತ್ತದೆ.

ಮುಂದೆ 1990ರಲ್ಲಿ ನಾಗಾಭರಣರ ಸಿನಿಮಾ ಬಂತು. ಅದಕ್ಕೂ ಮೊದಲೇ ಅಶ್ವತ್ಥರ ಕ್ಯಾಸೆಟ್ಟುಗಳು ಬಂದಿದ್ದವು. ನಾಡೆಲ್ಲ ಶರೀಫರನ್ನು ಹಾಡಿತು. ನಮ್ಮ ಎದೆಯೂ ಉಬ್ಬಿತು. ಆದರೆ ನಮ್ಮೂರಿನ ಕಟ್ಟೆಯ ಮೇಲೆ ಒಂದು ವಿಚಿತ್ರ ನಡೆಯಿತು: ಹುಡುಗರು ಕ್ಯಾಸೆಟ್ಟಿನ ಧಾಟಿಯಲ್ಲೇ ಹಾಡಬೇಕೆಂದು ಹಟ ಹಿಡಿದರು. ನಮ್ಮ ಮೇಳದ ಧಾಟಿ, ಪಕ್ಕದೂರಿನ ಮೇಳದ ಧಾಟಿ, ಹರದಾರಿಗೊಂದರಂತೆ ಇದ್ದ ನೂರು ಧಾಟಿಗಳು “ತಪ್ಪು” ಆದವು. ಯಾರ ತಪ್ಪೂ ಅಲ್ಲ ಅದು.

ಸವಣೂರಿನ ಹೈಸ್ಕೂಲಿಗೆ ಹೋದಾಗ ನನಗೆ ಕವಿತೆ ಎಂಬ ಶಬ್ದ ಸಿಕ್ಕಿತು. ಅಲ್ಲಿಯವರೆಗೆ ಪದವಿತ್ತು, ಹಾಡಿತ್ತು. ಕವಿತೆ ಅಂದರೆ ಪ್ಯಾಂಟು ಹಾಕಿಕೊಂಡ ಪದ ಎಂದು ತಿಳಿದೆ. ನವಾಬರ ಊರು. ಎಲೆಬಳ್ಳಿಯ ತೋಟಗಳ ತಂಪು, ನಾಲ್ಕಾರು ಆಳು ಕೈಕೈ ಹಿಡಿದರೂ ತಬ್ಬಲಾಗದ ದೊಡ್ಡ ಹುಣಸೆಮರಗಳು, ಅವುಗಳ ಬುಡದಲ್ಲಿ ನಮ್ಮ ಮಧ್ಯಾಹ್ನದ ರೊಟ್ಟಿಗಂಟು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಈ ಊರಲ್ಲೇ. ಆಕ್ಸ್‌ಫರ್ಡಿಗೆ ಹೋಗಿ ಬಂದವರು, ‘ವಿನಾಯಕ’ ಎಂಬ ಹೆಸರಲ್ಲಿ ಬರೆದವರು. ಅವರ ಹೆಸರನ್ನು ನಮ್ಮ ಕನ್ನಡ ಮಾಸ್ತರರು ಬೆತ್ತದ ಹಾಗೆ ಬಳಸುತ್ತಿದ್ದರು: “ಗೋಕಾಕರು ಹುಟ್ಟಿದ ಊರಾಗ ಕುಂತು ಇಂಥಾ ಪ್ರಾಸ ಹಾಕ್ತೀಯೇನಲೇ?” ಮುಂದೆ 1990ರ ಜ್ಞಾನಪೀಠ ಅವರಿಗೆ ಬಂದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಮಾಸ್ತರರ ಆ ಬೈಗುಳ.

ಮಾಸ್ತರರು ಒಂದು ಕೈಬರಹದ ಪತ್ರಿಕೆ ತರುತ್ತಿದ್ದರು. ತಿಂಗಳಿಗೆ ಒಂದೇ ಪ್ರತಿ. ಓದಬೇಕೆಂದವರು ವಾಚನಾಲಯದ ಮೇಜಿಗೆ ಬಂದು ಪಾಳಿ ಹಚ್ಚಬೇಕು. ನನ್ನ ಅಕ್ಷರ ದುಂಡಗಿದ್ದುದರಿಂದ ಎಲ್ಲರ ಕವಿತೆಗಳನ್ನೂ ಪತ್ರಿಕೆಗೆ ಇಳಿಸುವ ಕೆಲಸ ನನಗೇ ಬಂತು. ನನ್ನದು ಕವಿಯ ಹಣೆಬರಹವಲ್ಲ, ಬರೀ ಕೈಬರಹ ಎಂದು ಆಗಲೇ ಅರಿವಾಗಬೇಕಿತ್ತು. ಆದರೂ ಒಂದು ಮಾತು ಹೇಳುತ್ತೇನೆ: ಬೇರೆಯವರ ಕವಿತೆಯನ್ನು ಅಕ್ಷರ ಅಕ್ಷರ ಕೈಯಾರೆ ಬರೆದವನಿಗೆ ಅದರ ಒಳಗಿನ ಸಂದುಗೊಂದು ತಿಳಿಯುವಂತೆ ಕಣ್ಣಲ್ಲಿ ಓದಿದವನಿಗೆ ತಿಳಿಯುವುದಿಲ್ಲ. ಎಲ್ಲಿ ಕವಿ ಸುಳ್ಳು ಹೇಳಿದ್ದಾನೆ, ಎಲ್ಲಿ ಪ್ರಾಸಕ್ಕಾಗಿ ತಾಯಿಯನ್ನು ಕರೆತಂದಿದ್ದಾನೆ, ಎಲ್ಲ ಕೈಗೆ ಗೊತ್ತಾಗುತ್ತದೆ.

ಆಮೇಲೆ ಟಪಾಲಿನ ಹುಚ್ಚು ಹಿಡಿಯಿತು. ಹುಬ್ಬಳ್ಳಿಯ ವಾರಪತ್ರಿಕೆಗೆ, ಧಾರವಾಡದ ಮಾಸಿಕಕ್ಕೆ ಕವಿತೆ ಕಳಿಸುವುದು. ಒಂದು ಲಕೋಟೆಯ ಒಳಗೆ ಇನ್ನೊಂದು ಲಕೋಟೆ, ಅದರ ಮೇಲೆ ಸ್ಟ್ಯಾಂಪು, ನನ್ನದೇ ಕೈಯಿಂದ ಬರೆದ ನನ್ನದೇ ವಿಳಾಸ. ಒಪ್ಪಿಗೆಯಾದರೆ ಆ ಲಕೋಟೆ ಹಿಂದಿರುಗುವುದಿಲ್ಲ. ಹಿಂದಿರುಗಿದರೆ ಅರ್ಥ ಗೊತ್ತೇ ಇದೆ. ಹೀಗಾಗಿ ನನಗೆ ನನ್ನ ಅಕ್ಷರ ಕಂಡರೇ ಎದೆ ಧಸಕ್ಕೆನ್ನುತ್ತಿತ್ತು. ಟಪಾಲಿನವನಿಗೂ ಅದು ಗುರುತಾಗಿಬಿಟ್ಟಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ಕೂಗಿ ಹೇಳುವನು: “ತಮ್ಮಾ, ನಿಂದ ನಿನಗs ಬಂತು ನೋಡಪಾ!” ಒಳಗೆ ಸಂಪಾದಕರ ಎರಡು ಸಾಲು ಇರುತ್ತಿತ್ತು, ಕೆಲವೊಮ್ಮೆ. “ಮೂರನೆಯ ನುಡಿ ಬೇಡ” ಎಂದು ಒಮ್ಮೆ ಒಬ್ಬರು ಬರೆದಿದ್ದರು. ಮೂರು ತಿಂಗಳು ಕಾಯ್ದು ಪಡೆದ ಮೂರು ಶಬ್ದ. ತೆಗೆದು ನೋಡಿದೆ; ಕವಿತೆ ನಿಂತಿತು.

ಹತ್ತಿಮತ್ತೂರು ಸವಣೂರಿನ ಮಗ್ಗುಲಿಗೇ ಇದೆ. ಚಂದ್ರಶೇಖರ ಪಾಟೀಲರು ಅಲ್ಲಿಯವರು, ನಾಡಿಗೆಲ್ಲ ಚಂಪಾ. 1964ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಅವರ ಜತೆಗೂಡಿ ಧಾರವಾಡದಲ್ಲಿ ‘ಸಂಕ್ರಮಣ’ ಶುರು ಮಾಡಿದರು. ನಮ್ಮ ಮಾಸ್ತರರಿಗೆ ಅದರ ಒಂದು ಪ್ರತಿ ಬುಕ್‌ಪೋಸ್ಟಿನಲ್ಲಿ ಬರುತ್ತಿತ್ತು. ಮಾಸ್ತರರು ಓದಿ, ಡ್ರಾಯಿಂಗ್ ಮಾಸ್ತರರು ಓದಿ, ಎಲೆ ಅಂಗಡಿಯ ಕಾಕಾ ಓದಿ, ಕಡೆಗೆ ನಮ್ಮ ಕೈಗೆ ಬರುವಾಗ ಅದರ ಅಂಚಿನ ತುಂಬ ಜಗಳ ತುಂಬಿರುತ್ತಿತ್ತು. ಒಬ್ಬರು “ಭೇಷ್” ಎಂದು ಬರೆದಿದ್ದರೆ ಕೆಳಗೆ ಇನ್ನೊಬ್ಬರು “ಯಾಕ?” ಎಂದು ಕೇಳಿರುತ್ತಿದ್ದರು. ಎಲೆಗೆ ಹಚ್ಚುವ ಸುಣ್ಣದ ಬೆರಳಚ್ಚು ಕವಿತೆಗಳ ಮೇಲೆ. ಚಂಪಾ 2022ರ ಜನವರಿಯಲ್ಲಿ ಹೋದರು. ಪುಸ್ತಕಗಳನ್ನು ಅಗ್ಗದ ದರದಲ್ಲಿ ರಿಜಿಸ್ಟರ್ ಮಾಡಿ ಕಳಿಸುವ ಅಂಚೆಯ ಸೇವೆ 2024ರ ಡಿಸೆಂಬರಿನಲ್ಲಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂಬುದೇ ಸ್ಪೀಡ್ ಪೋಸ್ಟಿನೊಳಗೆ ಕರಗಿತು. ಟಪಾಲು ಚುರುಕಾಯಿತು, ನಿಜ. ಸಣ್ಣ ಊರಿನ ಕವಿ ತನ್ನ ಪುಸ್ತಕವನ್ನು ಇನ್ನೊಂದು ಸಣ್ಣ ಊರಿನ ಕವಿಗೆ ಕಳಿಸುವ ಖರ್ಚೂ ಚುರುಕಾಗಿ ಏರಿತು.

ಈಗ ಕವಿತೆ ಯಾರನ್ನೂ ಕಾಯುವುದಿಲ್ಲ. ಬೆಳಿಗ್ಗೆ ಚಹಾ ಕಾಯಿಸಲು ಇಟ್ಟು ಬರೆದರೆ, ಚಹಾ ಸೋಸುವಷ್ಟರಲ್ಲಿ ಹತ್ತಾರು ಹೆಬ್ಬೆಟ್ಟು ಬಿದ್ದಿರುತ್ತವೆ. ಅಜ್ಜನ ವಹಿಯಲ್ಲಿ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಓದು ಬಂದವರು ಓದದೆ ಒತ್ತುತ್ತಾರೆ. ನಾನೂ ಒತ್ತುತ್ತೇನೆ. ದಿನಕ್ಕೆ ಎಷ್ಟು ಕವಿತೆಗೆ ಎಂದು ಕೇಳಬೇಡಿ. “ಇಲ್ಲಿ ಕಾಲು ಎಡವತೈತಿ” ಎಂದು ಬರೆಯುವ ಧೈರ್ಯ ನನಗೆ ಒಮ್ಮೆಯೂ ಆಗಿಲ್ಲ. ಬರೆದರೆ ಗೆಳೆತನ ಕೆಡುತ್ತದೆ. ಕಂಬಾರಜ್ಜ ಹಾಗೆ ಹೇಳಿದ ಮೇಲೂ ಮರುದಿನ ಅಂಗಡಿಗೆ ಬಂದು ಉದ್ರಿ ಕೇಳುತ್ತಿದ್ದ, ಅಜ್ಜ ಕೊಡುತ್ತಿದ್ದ.

ಇಷ್ಟು ಹೇಳಿದವನು ಇನ್ನೊಂದು ಕಡೆಯನ್ನೂ ಹೇಳಬೇಕು. ಅಜ್ಜನ ವಹಿಯಲ್ಲಿ ಒಂದೇ ಒಂದು ಹೆಣ್ಣಿನ ಪದವಿರಲಿಲ್ಲ.

ಅವ್ವನ ತವರು ಹಿರೇಕೆರೂರ ಸೀಮೆ, ಮಾಸೂರಿನ ಕಡೆ. ಸರ್ವಜ್ಞನ ಮಣ್ಣು ಎಂದು ಎದೆ ತಟ್ಟಿ ಹೇಳುವ ಸೀಮೆ ಅದು. ಮಾಸೂರು, ಅಬಲೂರು ಎರಡೂ ಅವನನ್ನು ತಮ್ಮವನೆನ್ನುತ್ತವೆ. ಅಲ್ಲಿ ಜಗಳಕ್ಕೂ ತ್ರಿಪದಿ, ಸಾಲ ಕೇಳುವುದಕ್ಕೂ ತ್ರಿಪದಿ. ಆ ವಚನಗಳನ್ನು ತಾಡೋಲೆಯಿಂದ, ಹಳೆಯ ಕೈಬರಹದ ಪ್ರತಿಗಳಿಂದ, ಜನರ ಬಾಯಿಂದ ಆಯ್ದು 1924ರಲ್ಲಿ ಪುಸ್ತಕ ಮಾಡಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳು. ಸರ್ವಜ್ಞನಿಗೆ ಒಬ್ಬ ಉತ್ತಂಗಿ ಸಿಕ್ಕರು. ನನ್ನ ಅಮ್ಮಮ್ಮನಿಗೆ ಯಾರೂ ಸಿಗಲಿಲ್ಲ.

ನಸುಕಿನಲ್ಲಿ ಎದ್ದು ಅವಳು ಬೀಸಲು ಕೂತರೆ ಕಲ್ಲಿನ ಗುಡುಗಿನ ಜತೆ ಮೂರು ಸಾಲಿನ ಪದ ಹೊರಡುತ್ತಿತ್ತು. ತವರಿನದು, ಸವತಿಯದು, ಸತ್ತ ಕೂಸಿನದು. ಅರ್ಧ ಹಳೆಯವು, ಅರ್ಧ ಆಗಲೇ ಹುಟ್ಟಿದವು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಕಲ್ಲಿನ ನಡುಕ ನನ್ನ ಹಲ್ಲಿನವರೆಗೂ ಬರುತ್ತಿತ್ತು. ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ಬೀಸುವ ಕಲ್ಲು ಹಿತ್ತಿಲಿಗೆ ಹೋಯಿತು, ಪದ ಗಂಟಲಿಗೆ ಹೋಯಿತು. ಎಷ್ಟೋ ವರ್ಷಗಳ ಮೇಲೆ, ಕಾಲೇಜಿನಲ್ಲಿ ಜಾನಪದ ಓದಿ ಬಂದ ಹುಮ್ಮಸ್ಸಿನಲ್ಲಿ, “ಗಿರಣಿ ಬಂದು ನಿನ್ನ ಪದ ಹಾಳಾದವಲ್ಲ ಅಮ್ಮಮ್ಮಾ” ಎಂದೆ. ಅವಳು ನನ್ನ ಮುಖ ನೋಡಿದಳು.

“ಪದ ಹೋದ್ರ ಹೋಗ್ಲೇಳು. ರಟ್ಟಿ ಉಳೀತು.”

ಈ ಮಾತನ್ನು ನುಂಗಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಹಳತನ್ನು ಹಂಬಲಿಸುವವರು ಹೆಚ್ಚಾಗಿ ಬೀಸದೆ ಕೇಳಿಸಿಕೊಂಡವರೇ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಪದಕ್ಕೆ ಪದವಿ ಬಂದಿದೆ, ಬರಲಿ. ಅಮ್ಮಮ್ಮ ಇದ್ದಿದ್ದರೆ ಅಲ್ಲಿಯ ಹುಡುಗಿಯರಿಗೆ ಪದ ಹೇಳಿಕೊಟ್ಟು, ಕಲ್ಲು ಮಾತ್ರ ಮುಟ್ಟಬೇಡಿರಿ ಎನ್ನುತ್ತಿದ್ದಳೋ ಏನೋ.

ನನ್ನ ತಂಗಿಯನ್ನು ಕೊಟ್ಟದ್ದು ಹಾನಗಲ್ಲಿಗೆ. ಭತ್ತ, ಮಾವು, ಮಳೆ. ನಮ್ಮ ಎರೆಮಣ್ಣಿನವರ ಕಣ್ಣಿಗೆ ಬೇರೆಯೇ ದೇಶ. ಆ ತಾಲೂಕು ಕಿವಿಯ ತಾಲೂಕು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಪಂಚಾಕ್ಷರಿ ಗವಾಯಿಗಳು, ದೇವಗಿರಿಯಲ್ಲಿ 1914ರಲ್ಲಿ ಪುಟ್ಟರಾಜ ಗವಾಯಿಗಳು ಹುಟ್ಟಿದರು. ಇಬ್ಬರಿಗೂ ಕಣ್ಣಿರಲಿಲ್ಲ. ಪುಟ್ಟರಾಜರು ಹಾಡಿದ್ದಲ್ಲದೆ ನಾಟಕ, ಪುರಾಣಗಳನ್ನೂ ಬರೆದರು. ಅಂಥ ನೆಲದಲ್ಲಿ ಸುಗ್ಗಿಯ ಕಣದಲ್ಲಿ ರಾತ್ರಿಯಿಡೀ ಹಂತಿಯ ಪದ ಕೇಳಿದ್ದೇನೆ ನಾನು. ಎತ್ತು ತಿರುಗಿದಂತೆ ಪದ ತಿರುಗುತ್ತಿತ್ತು. ಈಗ ರಾಶಿ ಮಷಿನ್ ಬಂದು ಒಂದು ತಾಸಿನಲ್ಲಿ ಎಲ್ಲ ಮುಗಿಸಿ ಹೋಗುತ್ತದೆ. ಎತ್ತಿನ ರಟ್ಟೆಯೂ ಉಳಿಯಿತು ಎನ್ನೋಣವೆಂದರೆ, ಎತ್ತೇ ಉಳಿದಿಲ್ಲ.

ತಂಗಿಯ ಮಗಳು ಕವಿತೆ ಬರೆಯುತ್ತಾಳೆ. ಮೊಬೈಲಿನಲ್ಲೇ, ಎರಡೂ ಹೆಬ್ಬೆರಳಿನಿಂದ. ತನ್ನ ಹೆಸರಿನಲ್ಲಿ, ತನ್ನ ಫೋಟೋ ಹಾಕಿ. ಹಾವೇರಿಯಲ್ಲಿ 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ನನ್ನನ್ನು ಪುಸ್ತಕದ ಮಳಿಗೆಗಳ ಧೂಳಿನಲ್ಲಿ ಎಳೆದುಕೊಂಡು ತಿರುಗಿದವಳು ಅವಳೇ. ಕಳೆದ ವರ್ಷ ಹಾನಗಲ್ಲಿನಲ್ಲೇ ಒಂದು ಸಣ್ಣ ಕವಿಗೋಷ್ಠಿ. ಮೂವತ್ತು ಕವಿಗಳು, ಮೂವತ್ತು ಶಾಲು, ಪ್ರಮಾಣಪತ್ರ. ಓದಿದವರು ಓದಿ ಫೋಟೋ ತೆಗೆಸಿಕೊಂಡು ಬಸ್ಸಿಗೆ ಹೋದರು; ಕೊನೆಯ ಕವಿಗೆ ಕೇಳಿದವರು ಮೈಕಿನವನು ಮತ್ತು ನಾನು. ಇವಳದು ಹದಿನಾಲ್ಕನೆಯ ಪಾಳಿ. ಚೆನ್ನಾಗಿತ್ತು. ಒಂದು ಕಡೆ ಮಾತ್ರ... ಮನೆಗೆ ಬಂದು ಊಟ ಮಾಡುವಾಗ ಬಾಯಿ ತಪ್ಪಿ ಅಂದುಬಿಟ್ಟೆ.

“ಇಲ್ಲಿ ಕಾಲು ಎಡವತೈತಲ್ಲವ್ವಾ.”

ಸಿಟ್ಟಾಗುತ್ತಾಳೆಂದುಕೊಂಡೆ. ರೊಟ್ಟಿಯ ಕೈ ಒರೆಸಿಕೊಂಡು ಮೊಬೈಲು ತೆಗೆದಳು, ಆ ಶಬ್ದದ ಮೇಲೆ ಬೆರಳಿಟ್ಟಳು. ಶಬ್ದ ಹೋಯಿತು, ಬೇರೆ ಬಂತು. “ಈಗ ಮಾಮಾ?” ಈಗ ಸರಿಯಿತ್ತು. ಆದರೆ ಮೊದಲಿನ ಶಬ್ದ ಯಾವುದಿತ್ತು ಎಂದು ಅರ್ಧ ತಾಸಿನ ಮೇಲೆ ಕೇಳಿದರೆ ಅವಳಿಗೂ ನೆನಪಿಲ್ಲ, ನನಗೂ ಇಲ್ಲ, ಮೊಬೈಲಿನಲ್ಲಂತೂ ಇಲ್ಲ. ಅಜ್ಜ ಕಾಟು ಹೊಡೆದ ಶಬ್ದ ಕಾಟಿನ ಕೆಳಗೆ ಬದುಕಿರುತ್ತಿತ್ತು. ಬೆಲ್ಲದ ಕಾಗದ ದಾಟಿ ಶಾಯಿಗೆ ಬಂದ ಮೇಲೂ ಅಜ್ಜನಿಗೆ ಕೈ ತಡೆಯುತ್ತಿರಲಿಲ್ಲ, ಹೊಡೆಯುತ್ತಿದ್ದ, ಮೇಲೆ ಸಣ್ಣಗೆ ಬರೆಯುತ್ತಿದ್ದ. ಅವನು ಪದ ಕಟ್ಟುವುದನ್ನು ನಾನು ಕಲಿತದ್ದು ಉಳಿದ ಶಬ್ದಗಳಿಂದಲ್ಲ, ಹೋದ ಶಬ್ದಗಳಿಂದ.

“ಆ ವಹಿ ಎಲ್ಲೈತಿ ಮಾಮಾ?” ಎಂದಳು.

ಹೇಳಲೇಬೇಕಾಯಿತು. ಅಪ್ಪ-ಕಾಕಂದಿರ ಪಾಲಿನ ವ್ಯಾಜ್ಯ ಕೋರ್ಟಿಗೆ ಹೋದಾಗ, ಅಂಗಡಿಯ ಜಾಗ ಅಜ್ಜನದೇ ಎನ್ನಲು ವಹಿಯ ಲೆಕ್ಕದ ಹಾಳೆಗಳು ಬೇಕಾದವು. ಝೆರಾಕ್ಸ್ ಮಾಡಿಸಲು ಹೋದವನು ನಾನು. ಹಾಳೆಗಿಷ್ಟು ಎಂದು ದರ; ಕೈಯಲ್ಲಿ ಎಣಿಸಿದ ದುಡ್ಡು. “ಹಿಂದಿನ್ವೂ ತೆಗೀಲೇನ್ರಿ?” ಎಂದು ಅಂಗಡಿಯ ಹುಡುಗ ಕೇಳಿದ್ದ. “ಅವು ಬ್ಯಾಡ, ಕೆಲಸಕ್ಕ ಬರೂದಿಲ್ಲ” ಎಂದವನು ಸಂಕ್ರಮಣ ಓದಿದ ನಾನೇ. ಮೂಲ ವಹಿ ಕಾಗದಪತ್ರಗಳ ನಡುವೆ ಎಲ್ಲೋ ಹೋಯಿತು. ಉಳಿದ ವಹಿಗಳನ್ನು ಮನೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ತೂಕ ಮಾಡಿ ರದ್ದಿಗೆ ಕೊಟ್ಟೆವು.

ಝೆರಾಕ್ಸ್ ಪ್ರತಿಗಳು ಮಾತ್ರ ಇವೆ. ಮುಂದಿನ ಸಲ ಹೋದಾಗ ಒಯ್ದು ತೋರಿಸಿದೆ. ಬೆಲ್ಲ, ಎಣ್ಣೆ, ಉಪ್ಪು, ಹೆಬ್ಬೆಟ್ಟು. ಪುಟ ತಿರುವುತ್ತ ಹೋದವಳು ಕೊನೆಯದರಲ್ಲಿ ನಿಂತಳು. ಲೆಕ್ಕದ ಕೊನೆಯ ಹಾಳೆ ಅದು, ಪದದ ಜತೆ ಬೆನ್ನು ಹಚ್ಚಿದ ಹಾಳೆ. ಹಿಂದಿನ ಬದಿಯ ಶಾಯಿ ಒಸರಿ, ಉಪ್ಪಿನ ಲೆಕ್ಕದ ನಡುವೆ ಬೂದುಬಣ್ಣದ ಎಳೆಗಳು ಮೂಡಿದ್ದವು. ತಲೆಕೆಳಗು, ಎಡಬಲ ಅದಲುಬದಲು. ಇಷ್ಟು ವರ್ಷ ನಾನು ಅದನ್ನು ಮಷಿನ್ನಿನ ಕಲೆ ಎಂದುಕೊಂಡಿದ್ದೆ.

ಅವಳು ಮೊಬೈಲಿನಲ್ಲಿ ಅದರ ಚಿತ್ರ ತೆಗೆದಳು. ತಿರುಗಿಸಿದಳು, ಮತ್ತೆ ಮಗುಚಿದಳು, ಏನೇನೋ ಎಳೆದು ಕಪ್ಪು ಹೆಚ್ಚಿಸಿದಳು. ಎರಡೂವರೆ ಸಾಲು ಮೇಲೆದ್ದು ಬಂದವು. ಅಜ್ಜನ ಅಕ್ಷರ. ಎರಡನೆಯ ಸಾಲಿನಲ್ಲಿ ಒಂದು ಶಬ್ದಕ್ಕೆ ಕಾಟು ಬಿದ್ದಿತ್ತು. ಕಾಟಿನ ಕೆಳಗೆ ‘ಸಾಗರ’ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಮೇಲೆ ಸಣ್ಣಗೆ ಬರೆದದ್ದು ಉಪ್ಪಿನ ಲೆಕ್ಕದ ಕೆಳಗೆ ಹೂತುಹೋಗಿತ್ತು. ಎಷ್ಟು ದೊಡ್ಡದು ಮಾಡಿದರೂ ಬರಲಿಲ್ಲ.

“ಎಷ್ಟು ಅಕ್ಷರದ್ದಿರಬೇಕು ಮಾಮಾ?” ಎಂದಳು. ನನಗೆ ಗೊತ್ತಿಲ್ಲವೆಂದೆ. ಅವಳು ಆ ಸಾಲನ್ನು ಬಾಯಿಯೊಳಗೇ ಹೇಳಿಕೊಳ್ಳತೊಡಗಿದಳು, ಆ ಜಾಗಕ್ಕೆ ಬಂದಾಗ ಒಂದೊಂದು ಸಲ ಒಂದೊಂದು ಶಬ್ದ ಹಾಕಿ, ಬೆರಳಿನಿಂದ ಮಂಚದ ಕಟ್ಟಿಗೆಯ ಮೇಲೆ ತಾಳ ತಟ್ಟುತ್ತ.